ಡ್ರೋನಿನ ಮಡಚುವ ಕಾಲಿಗೆ ಕರೆಂಟ್ ಎಲ್ಲಿಂದ? ಮೂರು ಥರ ಹಾಕಿ ನೋಡಿದೆ

ನನ್ನ ಆರು ಮೋಟಾರಿನ ಡ್ರೋನ್ ಕ್ಯಾಮೆರಾ, ಅದನ್ನು ಅಲುಗಾಡದಂತೆ ಹಿಡಿಯುವ ಗಿಂಬಲ್, ಬ್ಯಾಟರಿ ಎಲ್ಲ ಸೇರಿ 13 ಕಿಲೋ ತೂಗುತ್ತದೆ. ಕ್ಯಾಮೆರಾ ಸುತ್ತ ತಿರುಗಿದಾಗ ಕಾಲುಗಳು ಅಡ್ಡ ಬರಬಾರದು ಅಂತ ಮೇಲಕ್ಕೆ ಮಡಚುವ ಲ್ಯಾಂಡಿಂಗ್ ಗೇರ್ ಹಾಕಿದ್ದೇನೆ. ಎರಡು ಕಾಲು, ಒಂದೊಂದಕ್ಕೂ 12 ವೋಲ್ಟಿನ ಮೋಟಾರ್ ಮತ್ತು ವರ್ಮ್ ಗೇರ್ (ಮೋಟಾರ್ ತಿರುಗಿಸಬಲ್ಲ, ಆದರೆ ಕಾಲಿನ ಕಡೆಯಿಂದ ತಳ್ಳಿದರೆ ತಿರುಗದ ತಿರುಪಿನ ಹಲ್ಲುಚಕ್ರ). ಕರೆಂಟ್ ಇಲ್ಲದಿದ್ದರೂ ಕಾಲು ಇದ್ದಲ್ಲೇ ಬಿಗಿಯಾಗಿ ನಿಲ್ಲುತ್ತದೆ. ಕರೆಂಟ್ ಬೇಕಾಗುವುದು ಮಡಚುವಾಗ, ಬಿಚ್ಚುವಾಗ ಮಾತ್ರ. ಅಷ್ಟಕ್ಕೆ ಎಲ್ಲಿಂದ ಕೊಟ್ಟರೇನು ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಮೊದಲು, ಕ್ಯಾಮೆರಾದ ಚಿತ್ರವನ್ನು ಕೆಳಗಿರುವ ನನ್ನ ಪರದೆಗೆ ಕಳಿಸುವ ವಿಡಿಯೋ ಟ್ರಾನ್ಸ್‌ಮಿಟರಿಗೆ ಹೋಗುತ್ತಿದ್ದ 12 ವೋಲ್ಟಿನ ಲೈನಿನಿಂದಲೇ ಒಂದು ಕವಲು ತೆಗೆದೆ. ಹೊಸ ಸಾಮಾನು ಏನೂ ಬೇಡ, ತೂಕವೂ ಹೆಚ್ಚಲ್ಲ. ಮೇಜಿನ ಮೇಲೆ ಚೆನ್ನಾಗಿಯೇ ಕೆಲಸ ಮಾಡಿತು. ಹಾರಿಸಿ ಸ್ವಿಚ್ ಒತ್ತಿದ ಕೂಡಲೇ ಪರದೆ ಕಪ್ಪಾಯಿತು! ಎರಡು ಸೆಕೆಂಡಿಗೆ ಚಿತ್ರ ಮರಳಿ ಬಂತು, ಆದರೆ ಆ ಎರಡು ಸೆಕೆಂಡು ಎದೆ ಹೊಡೆದುಕೊಳ್ಳುತ್ತಿತ್ತು. ನಿಂತ ಮೋಟಾರ್ ತಿರುಗಲು ಶುರುಮಾಡುವ ಗಳಿಗೆಯಲ್ಲಿ, ಜಾಮ್ ಆದಾಗ ಎಷ್ಟು ಕರೆಂಟ್ ಎಳೆಯುತ್ತದೋ ಅಷ್ಟನ್ನೇ ಎಳೆಯುತ್ತದೆ. ಎರಡು ಮೋಟಾರ್ ಒಟ್ಟಿಗೆ ಎಳೆದರೆ ಲೈನಿನ ವೋಲ್ಟೇಜ್ ಕುಸಿಯುತ್ತದೆ. ಈ ಕುಸಿತ ಎಷ್ಟು ಚುರುಕು ಅಂದರೆ ಮಲ್ಟಿಮೀಟರಿನಲ್ಲಿ ಕಾಣುವುದೇ ಇಲ್ಲ. ಆ ಕುಸಿತ ತುಂಬಲಿ ಅಂತ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದೆ. ಕಪ್ಪಾಗುವುದು ನಿಂತಿತು, ಗೆರೆಗಳು ಬರುವುದು ನಿಲ್ಲಲಿಲ್ಲ.

ಆಮೇಲೆ ಕಾಲುಗಳಿಗೇ ಅಂತ ಒಂದು ಚಿಕ್ಕ 3ಎಸ್ ಲಿಪೋ (ಮೂರು ಸೆಲ್ ಸಾಲಾಗಿ ಜೋಡಿಸಿದ ಲಿಥಿಯಂ ಪಾಲಿಮರ್ ಬ್ಯಾಟರಿ) ಕಟ್ಟಿದೆ. ಚಿತ್ರದ ಮಟ್ಟಿಗೆ ಇದಕ್ಕಿಂತ ಚೆಂದ ಇನ್ನೊಂದಿಲ್ಲ. ಮೋಟಾರಿನ ಗಲಾಟೆ ಬೇರೆ ಯಾವುದಕ್ಕೂ ತಾಗುವುದಿಲ್ಲ. ಒಂದು ವಿಷಯ ಮರೆಯಬಾರದು: ಬ್ಯಾಟರಿ ಬೇರೆಯಾದರೂ ಅದರ ಮೈನಸ್ ವೈರ್, ಡ್ರೋನನ್ನು ನಿಯಂತ್ರಿಸುವ ಮುಖ್ಯ ಬೋರ್ಡಾದ ಫ್ಲೈಟ್ ಕಂಟ್ರೋಲರಿನ ಗ್ರೌಂಡಿಗೆ ಸೇರಿರಲೇಬೇಕು. ಇಲ್ಲದಿದ್ದರೆ ಸಿಗ್ನಲ್ ಗೇರಿಗೆ ಅರ್ಥವೇ ಆಗುವುದಿಲ್ಲ, ಕಾಲು ತನಗೆ ತೋಚಿದಂತೆ ಆಡುತ್ತದೆ.

ಇದರ ತೊಂದರೆ ಚಾರ್ಜಿನದು. ಒಂದು ಭಾನುವಾರ ದೊಡ್ಡ ಬ್ಯಾಟರಿಗಳನ್ನೆಲ್ಲ ಚಾರ್ಜ್ ಮಾಡಿ, ಇದೊಂದನ್ನು ಬಿಟ್ಟು ಹೋಗಿದ್ದೆ. ಇಳಿಸುವಾಗ ಬಲಗಾಲು ಪೂರ್ತಿ ಬಿಚ್ಚಿತು, ಎಡಗಾಲು ಅರ್ಧಕ್ಕೇ ನಿಂತಿತು. ಮೂರು ಮೀಟರ್ ಎತ್ತರದಲ್ಲಿ ಡ್ರೋನ್ ನಿಲ್ಲಿಸಿಕೊಂಡು ಅರ್ಧ ನಿಮಿಷ ಕಾದೆ. ಅಷ್ಟರಲ್ಲಿ ಸೆಲ್ಲುಗಳು ಸ್ವಲ್ಪ ಚೇತರಿಸಿಕೊಂಡವು. ಮತ್ತೆ ಸ್ವಿಚ್ ಒತ್ತಿದಾಗ ಕಾಲು ನಿಧಾನಕ್ಕೆ ಕೆಳಗಿಳಿಯಿತು. ಅವತ್ತೇ ಆ ಬ್ಯಾಟರಿ ಬಿಚ್ಚಿಟ್ಟೆ.

ಈಗಿರುವುದು ಮೂರನೆಯದು. ಮುಖ್ಯ 6ಎಸ್ ಬ್ಯಾಟರಿಯಿಂದ, ಗೇರಿಗೆ ಮಾತ್ರ ಮೀಸಲಾದ 12 ವೋಲ್ಟಿನ, 5 ಆಂಪಿಯರಿನ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸಿ ಕೊಡುವ ಸರ್ಕ್ಯೂಟ್). ಡ್ರೋನ್ ಹಾರುವಷ್ಟು ಹೊತ್ತೂ ಕಾಲಿಗೆ ಕರೆಂಟ್ ಇರುತ್ತದೆ, ನೆನಪಿಟ್ಟುಕೊಳ್ಳಬೇಕಾದ ಚಾರ್ಜ್ ಇಲ್ಲ. ಪರದೆ ಮೇಲೆ ಒಂದು ಗೆರೆಯೂ ಇಲ್ಲ. ಭಾರದ ಡ್ರೋನಿಗೆ ನಾನು ಧೈರ್ಯವಾಗಿ ಹೇಳುವುದು ಇದನ್ನೇ. ಆದರೆ ಕನ್ವರ್ಟರ್ ಎಷ್ಟು ವೋಲ್ಟ್ ತಡೆಯುತ್ತದೆ ಅಂತ ನೋಡಿ ಕೊಳ್ಳಿ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಎಲ್‌ಎಂ2596 ಚಿಪ್ಪಿನ ಮಿತಿ 40 ವೋಲ್ಟ್, 3 ಆಂಪಿಯರ್. ತುಂಬಿದ 6ಎಸ್ 25.2 ವೋಲ್ಟ್, ಅದಕ್ಕೆ ನಡೆಯುತ್ತದೆ. 12ಎಸ್ ತುಂಬಿದಾಗ 50.4 ವೋಲ್ಟ್, ಅದು ತಡೆಯುವುದಿಲ್ಲ, ಸುಟ್ಟುಹೋಗಬಹುದು.

ವೈರಿಂಗ್ ಮೂರರಲ್ಲೂ ಒಂದೇ. 20 ಗೇಜಿನ ಸಿಲಿಕೋನ್ ವೈರ್, ಪ್ಲಸ್ ಮೈನಸ್ ಒಂದಕ್ಕೊಂದು ಹೆಣೆದು ಎಳೆದಿದ್ದೇನೆ. ಸಿಗ್ನಲ್ ಕೇಬಲಿನ ಕೆಂಪು ವೈರನ್ನು ಪಿನ್ನಿಂದ ಬಿಚ್ಚಿ ಟೇಪ್ ಸುತ್ತಿದ್ದೇನೆ. ನನ್ನ ಗೇರ್ ಬೋರ್ಡ್ ತಾನೇ 5 ವೋಲ್ಟ್ ಹೊರಗೆ ಕೊಡುತ್ತದೆ, ಅದು ಫ್ಲೈಟ್ ಕಂಟ್ರೋಲರಿನ ಸರ್ವೋ ರೈಲಿಗೆ (ಔಟ್‌ಪುಟ್ ಪಿನ್ನುಗಳ ಸಾಲಿಗೆ) ನುಗ್ಗಬಾರದು. ಫ್ಲೈಟ್ ಕಂಟ್ರೋಲರಿನ ಸಾಫ್ಟ್‌ವೇರ್ ಆರ್ಡುಪೈಲಟ್‌ನಲ್ಲಿ, ಈ ಸಿಗ್ನಲ್ ಕೇಬಲ್ ಸೇರುವ ಔಟ್‌ಪುಟ್ಟಿನ ಸರ್ವೋ ಫಂಕ್ಷನ್ 29 (ಲ್ಯಾಂಡಿಂಗ್ ಗೇರ್), ರಿಮೋಟಿನ ಸ್ವಿಚ್ಚಿಗೂ ಆಪ್ಷನ್ 29.

ಕಾಲು ಮಡಚುವ ಕೀಲಿನ ಹತ್ತಿರ ಮಾತ್ರ ವೈರ್ ಕಟ್ಟುವ ಪ್ಲಾಸ್ಟಿಕ್ ಟ್ಯಾಗ್ ಬಿಗಿಯಬೇಡಿ. ಅಲ್ಲಿ ಬೆರಳು ತೂರುವಷ್ಟು ಸಡಿಲ ಬಿಡಿ. ಬಿಗಿಯಾಗಿ ಕಟ್ಟಿದ್ದ ನನ್ನ ಮೊದಲ ವೈರ್ ಒಳಗೊಳಗೇ ಎಳೆ ಎಳೆಯಾಗಿ ತುಂಡಾಗಿತ್ತು, ಮೇಲಿನ ಸಿಲಿಕೋನ್ ಹೊಸದರಂತೆಯೇ ಹೊಳೆಯುತ್ತಿತ್ತು.