ಸೋಮವಾರ ದೆಹಲಿಯಲ್ಲಿ ‘ದರ್ಶನ’ ಬಸ್ ಹತ್ತುವ ಮುಂಚೆ ಇದನ್ನು ಓದಿ

ಕಳೆದ ಅಕ್ಟೋಬರ್ ರಜೆಯಲ್ಲಿ ನಾವು ನಾಲ್ವರು ದೆಹಲಿಗೆ ಹೋಗಿದ್ದೆವು. ನಾನು, ನಮ್ಮ ಮನೆಯವರು, ಅತ್ತೆ, ಏಳನೇ ಕ್ಲಾಸಿನ ಮಗ. ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಿಗ್ಗೆ ದೆಹಲಿ. ಸ್ಲೀಪರ್ ಟಿಕೆಟ್, ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ರೈಲಿನ ಖರ್ಚು ಬಿಟ್ಟು ಎರಡು ವರ್ಷ ಕೂಡಿಸಿದ 9,000 ರೂಪಾಯಿ ಕೈಯಲ್ಲಿತ್ತು. ಅದರಲ್ಲಿ 3,800 ಒಂದೇ ದಿನಕ್ಕೆ ಹೋಯಿತು. ಮಗ ನೋಡಬೇಕು ಅಂತ ಆಸೆಪಟ್ಟ ಕೆಂಪು ಕೋಟೆಯ ಒಳಗೆ ಆ ದಿನ ಕಾಲಿಡಲೂ ಆಗಲಿಲ್ಲ.

ಭಾನುವಾರ ಇಳಿದೆವು. ಸ್ಟೇಷನ್ನಿನ ಪಹಾಡ್‌ಗಂಜ್ ಕಡೆಯ ಒಂದು ಸಣ್ಣ ಲಾಡ್ಜಿನಲ್ಲಿ ರೂಮು ಮಾಡಿದೆವು. ಕೀಲಿ ಕೊಡುವಾಗಲೇ ಕೌಂಟರಿನ ಹುಡುಗ ಶುರು ಮಾಡಿದ. ನಾಳೆ ದೆಹಲಿ ದರ್ಶನ ಬಸ್ ಇದೆ, ಎಸಿ, ಹನ್ನೊಂದು ಜಾಗ, ತಲೆಗೆ 400. ಎಲ್ಲ ಕಡೆಯ ಎಂಟ್ರಿ ಟಿಕೆಟ್ಟಿಗೆ ಸೇರಿಸಿ ಇನ್ನು 300 ಕೊಟ್ಟರೆ ಎಲ್ಲೂ ಕ್ಯೂ ನಿಲ್ಲಬೇಕಾಗಿಲ್ಲ ಅಂದ. ಅತ್ತೆಗೆ ಮಂಡಿನೋವು. ಕ್ಯೂ ಇಲ್ಲ ಅನ್ನುವ ಮಾತಿಗೇ ನಾವು ಒಪ್ಪಿಬಿಟ್ಟೆವು. ನಾಲ್ವರಿಗೆ 2,800 ಎಣಿಸಿ ಕೊಟ್ಟೆವು. ಅವನು ಕೊಟ್ಟಿದ್ದು ಅಂಗೈ ಅಗಲದ ಒಂದು ಗುಲಾಬಿ ಚೀಟಿ. ಅದರಲ್ಲಿ ‘4’ ಅಂತ ಒಂದು ಅಂಕಿ, ಕೆಳಗೆ ಒಂದು ಗೀಟು. ಜಾಗಗಳ ಹೆಸರಿಲ್ಲ, ತಾರೀಕಿಲ್ಲ, ಫೋನ್ ನಂಬರೂ ಇಲ್ಲ.

ಕೆಂಪು ಕೋಟೆಗೆ ಸೋಮವಾರ ರಜೆ. ಲೋಟಸ್ ಟೆಂಪಲ್‌ಗೂ ರಜೆ. ಅಕ್ಷರಧಾಮ, ನ್ಯಾಷನಲ್ ಮ್ಯೂಸಿಯಂ, ಇಂದಿರಾ ಗಾಂಧಿ ಅವರ ಮನೆಯಲ್ಲಿರುವ ಸ್ಮಾರಕ, ಎಲ್ಲಕ್ಕೂ ಸೋಮವಾರವೇ ರಜೆ. ಇದು ದಿನಾ ಟಿಕೆಟ್ ಮಾರುವ ಆ ಹುಡುಗನಿಗೆ ಗೊತ್ತಿಲ್ಲದ ವಿಷಯ ಅಲ್ಲವೇ ಅಲ್ಲ. ಮೈಸೂರು ಝೂಗೆ ಮಂಗಳವಾರ ರಜೆ ಅಂತ ನಮ್ಮಲ್ಲಿ ಆಟೋದವರೂ ಹೇಳುತ್ತಾರೆ, ಅಲ್ವಾ?

ಒಂಬತ್ತಕ್ಕೆ ಬರಬೇಕಾದ ಬಸ್ ಬಂದಾಗ ಹತ್ತೂಮುಕ್ಕಾಲು. ಮೊದಲು ಬಿರ್ಲಾ ಮಂದಿರ. ಆಮೇಲೆ ರಾಷ್ಟ್ರಪತಿ ಭವನ, ಪಾರ್ಲಿಮೆಂಟು ಕಿಟಕಿಯಿಂದಲೇ. ಇಂಡಿಯಾ ಗೇಟ್ ಹದಿನೈದು ನಿಮಿಷ. ಅಲ್ಲಿಂದ ಕರೆದುಕೊಂಡು ಹೋಗಿದ್ದು ಒಂದು ಸೀರೆ, ಶಾಲಿನ ಅಂಗಡಿಗೆ. ನಾವು ಬಸ್ಸಲ್ಲೇ ಕೂತಿರುತ್ತೇವೆ ಅಂದರೆ ಡ್ರೈವರ್ ಎಸಿ ಆಫ್ ಮಾಡಿ, ಎಲ್ಲರನ್ನೂ ಇಳಿಸಿ ಬಾಗಿಲು ಹಾಕಿಕೊಂಡ. ಬಿಸಿಲಿಗೆ ಒಳಗೆ ಹೋಗಲೇಬೇಕಾಯಿತು. ಒಂದು ಗಂಟೆ ಹತ್ತು ನಿಮಿಷ ಅಲ್ಲೇ. ನಮ್ಮ ಮುಂದೆ ಮೂವತ್ತು ಶಾಲು ಬಿಚ್ಚಿ ಹರವಿದರು. ಏನೂ ತಗೊಳ್ಳದೆ ಎದ್ದಾಗ ಅತ್ತೆಯ ಮುಖ ಸಣ್ಣದಾಗಿತ್ತು. ಎಪ್ಪತ್ತು ವರ್ಷದ ಹೆಂಗಸಿಗೆ ಹಾಗನ್ನಿಸುವಂತೆ ಮಾಡಿದ್ದನ್ನು ನಾನು ಇನ್ನೂ ಮರೆತಿಲ್ಲ.

ಊಟಕ್ಕೂ ಅವರು ನಿಲ್ಲಿಸಿದ ಢಾಬಾನೇ. ಥಾಲಿ ಒಂದಕ್ಕೆ 250. ಅಲ್ಲಿಗೆ ಇನ್ನೊಂದು ಸಾವಿರ.

ಎಂಟ್ರಿ ದುಡ್ಡಿನ ಮೋಸ ತಿಳಿದಿದ್ದು ಕುತುಬ್ ಮಿನಾರ್ ಹತ್ತಿರ. ಗೈಡ್ ನಮ್ಮ ಕೈಗಿಟ್ಟಿದ್ದು ಮೂರೇ ಟಿಕೆಟ್. ಮಗನದು ಎಲ್ಲಿ ಅಂತ ಕೇಳಿದೆ. ಅವನು ಬೋರ್ಡಿನ ಕಡೆ ಕೈ ತೋರಿಸಿದ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಫ್ರೀ. ದೊಡ್ಡವರಿಗೆ 40 ರೂಪಾಯಿ, ಆನ್‌ಲೈನಲ್ಲಿ ತಗೊಂಡರೆ 35. ಬಿರ್ಲಾ ಮಂದಿರಕ್ಕೆ, ಇಂಡಿಯಾ ಗೇಟ್‌ಗೆ ಟಿಕೆಟ್ಟೇ ಇಲ್ಲ. ಲೋಟಸ್ ಟೆಂಪಲ್ ತೆರೆದಿದ್ದರೂ ಅದಕ್ಕೂ ಟಿಕೆಟ್ ಇರುತ್ತಿರಲಿಲ್ಲ. ಅಂದರೆ ನಾವು ಎಂಟ್ರಿಗೆ ಅಂತ ಕೊಟ್ಟ 1,200ರಲ್ಲಿ ನಿಜವಾಗಿ ಖರ್ಚಾಗಿದ್ದು 120.

ಲೋಟಸ್ ಟೆಂಪಲ್ ಗೇಟಿಗೆ ಬೀಗ. ಕೆಂಪು ಕೋಟೆ ಬಂದಾಗ ಬಸ್ ನಿಧಾನ ಮಾಡಿದರು ಅಷ್ಟೇ, ನಿಲ್ಲಿಸಲಿಲ್ಲ. ಮಗ ಕಿಟಕಿ ಗಾಜಿಗೆ ಹಣೆ ಒತ್ತಿಕೊಂಡು ಧ್ವಜ ಹಾರಿಸುವ ಜಾಗ ಯಾವುದು ಅಂತ ಹುಡುಕುತ್ತಿದ್ದ. “ಕೋಟಿ ನೋಡ್ಲಾಕ ಬಂದು ಬರೇ ಗ್ವಾಡಿ ನೋಡಿದಂಗಾಯ್ತು” ಅಂದರು ಅತ್ತೆ. ಐದು ಗಂಟೆಗೆ ಅಲ್ಲೇ ಮುಂದೆ ಇಳಿಸಿ, ಲಾಡ್ಜಿಗೆ ನೀವೇ ಹೋಗಿ ಅಂದರು.

ರಾತ್ರಿ ಲಾಡ್ಜಿನಲ್ಲಿ ಕೇಳಿದರೆ, ದರ್ಶನ ಅಂದಿದ್ದೆ, ಒಳಗೆ ಬಿಡಿಸುತ್ತೇನೆ ಅಂದಿರಲಿಲ್ಲ ಅಂತ ಉತ್ತರ. ಹಾಗಾದರೆ ಎಂಟ್ರಿ ದುಡ್ಡು ಯಾಕೆ ತಗೊಂಡೆ ಅಂತ ಮನೆಯವರು ಜೋರು ಮಾಡಿದರು. ಚೀಟಿಯಲ್ಲಿ ಏನೂ ಬರೆದೇ ಇರಲಿಲ್ಲ. ಯಾರಿಗೆ ತೋರಿಸಿ ಏನಂತ ದೂರು ಕೊಡೋದು?

ಮಂಗಳವಾರ ರಾತ್ರಿ ನಮ್ಮ ವಾಪಸ್ ರೈಲು. ಬೆಳಿಗ್ಗೆ ಬೇಗ ಎದ್ದು ನಾವೇ ಹೊರಟೆವು. ಪಹಾಡ್‌ಗಂಜ್‌ಗೆ ಹತ್ತಿರ ರಾಮಕೃಷ್ಣ ಆಶ್ರಮ ಮಾರ್ಗ್ ಅಂತ ಮೆಟ್ರೋ ಸ್ಟೇಷನ್ ಇದೆ. ಬ್ಲೂ ಲೈನಲ್ಲಿ ಮಂಡಿ ಹೌಸ್‌ಗೆ ಹೋಗಿ, ಅಲ್ಲಿ ವಯೊಲೆಟ್ ಲೈನಿಗೆ ಬದಲಿಸಿದರೆ ಲಾಲ್ ಕಿಲಾ ಅನ್ನುವ ಹೆಸರಿನ ಸ್ಟೇಷನ್ನೇ ಸಿಗುತ್ತದೆ. ಅತ್ತೆಗೆ ಲಿಫ್ಟ್ ಇತ್ತು. ಲಾಹೋರಿ ಗೇಟಿನಿಂದ ಒಳಗೆ ಹೋಗಿ ಮೂರು ಗಂಟೆ ಇದ್ದೆವು. ಯಾರೂ ಏಳಿ, ನಡೀರಿ ಅನ್ನಲಿಲ್ಲ.

ಮಧ್ಯಾಹ್ನ ಪಟೇಲ್ ಚೌಕ್ ಸ್ಟೇಷನ್ನಿನಲ್ಲಿ ಇಳಿದು ಬಂಗ್ಲಾ ಸಾಹಿಬ್ ಗುರುದ್ವಾರಕ್ಕೆ ಹೋದೆವು. ಲಂಗರ್ ಊಟ ಎಲ್ಲರಿಗೂ ಉಚಿತ, ಜಾತಿ ಧರ್ಮ ಕೇಳುವುದಿಲ್ಲ. ತಲೆ ಮುಚ್ಚಿಕೊಳ್ಳಬೇಕು, ಚಪ್ಪಲಿ ಹೊರಗೆ ಕೊಡಬೇಕು, ಅಷ್ಟೇ. ನೆಲದ ಮೇಲೆ ಸಾಲಾಗಿ ಕೂತೆವು. ಮಗ ತಟ್ಟೆ ಮುಂದೆ ಹಿಡಿದ. ಬಡಿಸುವ ಅಜ್ಜ ನಕ್ಕು, ಎರಡೂ ಕೈ ಚಾಚು ಅಂತ ಸನ್ನೆ ಮಾಡಿದರು. ರೊಟ್ಟಿಯನ್ನು ಪ್ರಸಾದದ ಹಾಗೆ ಅಂಗೈಯಲ್ಲಿ ಇಸಿದುಕೊಳ್ಳಬೇಕು. ದೆಹಲಿಯಲ್ಲಿ ನಾವು ಮಾಡಿದ ಒಳ್ಳೆಯ ಊಟ ಅದೇ. ಕೈಲಾದಷ್ಟು ಹುಂಡಿಗೆ ಹಾಕಿ ಬಂದೆವು.

ನಿಮ್ಮಲ್ಲೂ ತುಂಬಾ ಜನ ಭಾನುವಾರವೇ ಇಳಿಯುತ್ತೀರಿ, ಸೋಮವಾರವೇ ಸುತ್ತಲು ಹೊರಡುತ್ತೀರಿ. ದಯವಿಟ್ಟು ಲಾಡ್ಜ್ ಕೌಂಟರಿನಲ್ಲಿ ದುಡ್ಡು ಕೊಡಬೇಡಿ. ಎಂಟ್ರಿ ಟಿಕೆಟ್ಟಿನ ದುಡ್ಡನ್ನಂತೂ ಯಾರ ಕೈಗೂ ಮುಂಗಡವಾಗಿ ಕೊಡಲೇಬೇಡಿ. ಸೋಮವಾರ ಕುತುಬ್ ಮಿನಾರ್, ಹುಮಾಯೂನ್ ಸಮಾಧಿ ಎರಡೂ ತೆರೆದಿರುತ್ತವೆ. ಅವನ್ನು ಅವತ್ತಿಗೆ ಇಟ್ಟುಕೊಳ್ಳಿ. ಕುತುಬ್ ಮಿನಾರ್ ಹೆಸರಿನಲ್ಲೇ ಯೆಲ್ಲೋ ಲೈನಲ್ಲಿ ಸ್ಟೇಷನ್ ಇದೆ. ರೈಲು ಇಳಿದ ಮೇಲೆ ಆಟೋ ಬೇಕಿದ್ದರೆ ನ್ಯೂ ದೆಹಲಿ ರೈಲು ನಿಲ್ದಾಣದ ಹೊರಗೆ ಟ್ರಾಫಿಕ್ ಪೊಲೀಸರ ಪ್ರೀಪೇಯ್ಡ್ ಬೂತ್ ಇದೆ, ಅಲ್ಲೇ ಚೀಟಿ ತಗೊಳ್ಳಿ. ಇದೇ ಕೌಂಟರುಗಳಲ್ಲಿ ಆಗ್ರಾ ಬಸ್ ಕೂಡ ಮಾರುತ್ತಾರೆ. ತಾಜ್‌ಮಹಲ್‌ಗೆ ಶುಕ್ರವಾರ ರಜೆ. ಅದನ್ನೂ ಅವರು ಹೇಳುವುದಿಲ್ಲ.