ಜಾಝ್ ಬೇಸ್ ಅಂತ ನಂಬಿ ಮೋಸ ಹೋದೆ. ಸೆಕೆಂಡ್ ಹ್ಯಾಂಡ್ ಬೇಸ್ ನೋಡುತ್ತಿರುವವರು ದಯವಿಟ್ಟು ಓದಿ

ನೇರವಾಗಿ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಒಬ್ಬನ ಹತ್ತಿರ ಮೆಕ್ಸಿಕೋದಲ್ಲಿ ತಯಾರಾದ ಫೆಂಡರ್ ಕಂಪನಿಯ ಜಾಝ್ ಬೇಸ್ ಅನ್ನೋ ಮಾಡೆಲ್ ಬೇಸ್ ಗಿಟಾರ್ ತಗೊಂಡೆ. ನನ್ನ ಇಬಾನೆಜ್ ಎಸ್‌ಆರ್ 500 ಬೇಸ್ ಕೊಟ್ಟೆ, ಅದರ ಮೇಲೆ 22,000 ರೂಪಾಯಿ ಕ್ಯಾಶ್ ಕೊಟ್ಟೆ. ಈಗ ನನ್ನ ಹತ್ತಿರ ಇರುವುದು ಫೆಂಡರ್ ಬಾಡಿಗೆ ಯಾವುದೋ ಹೆಸರಿಲ್ಲದ ನೆಕ್ (ಎಡಗೈಯಲ್ಲಿ ಹಿಡಿಯುವ ಉದ್ದ ಭಾಗ) ಕೂರಿಸಿ, ತಲೆಯ ಮೇಲೆ ಲೋಗೋ ಅಂಟಿಸಿರುವ ಒಂದು ವಸ್ತು. ಇಬಾನೆಜ್ ಹೋಯಿತು. ದುಡ್ಡೂ ಹೋಯಿತು.

ಬರೆಯೋಕೆ ನಾಚಿಕೆ ಆಗುತ್ತಿದೆ. ಹನ್ನೊಂದು ವರ್ಷದಿಂದ ಬೇಸ್ ನುಡಿಸುತ್ತಿದ್ದೇನೆ. ಪಿಕಪ್ (ತಂತಿಯ ಕಂಪನ ಹಿಡಿದು ಆ್ಯಂಪ್‌ಗೆ ಕಳಿಸುವ ಭಾಗ) ನಾನೇ ಬದಲಿಸುತ್ತೇನೆ, ಬೆಸುಗೆ ನಾನೇ ಹಾಕುತ್ತೇನೆ. ಸ್ನೇಹಿತರು ಗಿಟಾರ್ ಕೊಳ್ಳೋಕೆ ಹೋಗುವಾಗ ನನ್ನನ್ನೇ ಕರೆದುಕೊಂಡು ಹೋಗುತ್ತಾರೆ. ಅಂಥ ನಾನೇ ಬಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಜಾಝ್ ಬೇಸ್ ಯಾಕೆ ಬೇಕಿತ್ತು ಅಂದರೆ, ನನ್ನ ಇಬಾನೆಜ್ ಆ್ಯಕ್ಟಿವ್. 9 ವೋಲ್ಟ್ ಬ್ಯಾಟರಿ ಇಲ್ಲದಿದ್ದರೆ ಸೌಂಡೇ ಬರಲ್ಲ. ಎರಡು ವರ್ಷದ ಹಿಂದೆ ಗಣೇಶನ ಹಬ್ಬದ ರಸಮಂಜರಿಯಲ್ಲಿ ಹಾಡಿನ ಮಧ್ಯೆ ಬ್ಯಾಟರಿ ಸತ್ತುಹೋಯಿತು. ಅವತ್ತಿನಿಂದ ಬ್ಯಾಟರಿ ಬೇಡದ ಒಂದು ಸಾದಾ ಪ್ಯಾಸಿವ್ ಬೇಸ್ ಬೇಕು ಅನ್ನೋ ಆಸೆ. ಜಾಝ್ ಬೇಸ್ 1960ರಲ್ಲಿ ಬಂದ ಡಿಸೈನ್, ಇವತ್ತಿಗೂ ಜನ ಅದನ್ನೇ ಹುಡುಕುತ್ತಾರೆ. ಎರಡು ಪಿಕಪ್, ಎರಡು ವಾಲ್ಯೂಮ್, ಒಂದು ಟೋನ್. ಅಷ್ಟೇ. ಬ್ರಿಡ್ಜ್ (ಬಾಡಿ ಮೇಲೆ ತಂತಿ ಸಿಕ್ಕಿಸುವ ಜಾಗ) ಹತ್ತಿರದ ಪಿಕಪ್ಪಿನ ಆ ಗುರುಗುಟ್ಟುವ ಸೌಂಡ್ ಬೇರೆ ಯಾವುದರಲ್ಲೂ ಬರಲ್ಲ. ಹೊಸದು ಕೊಳ್ಳುವ ಶಕ್ತಿ ನನಗಿಲ್ಲ.

ಆ್ಯಡ್‌ನಲ್ಲಿ ಇದ್ದದ್ದು 2016ರ ಸ್ಟ್ಯಾಂಡರ್ಡ್ ಜಾಝ್ ಬೇಸ್. ಅಂದರೆ 2018ರಲ್ಲಿ ಫೆಂಡರಿನ ಪ್ಲೇಯರ್ ಸೀರೀಸ್ ಬರುವ ಮುಂಚಿನದು. ಫೋಟೋ ಚೆನ್ನಾಗಿತ್ತು. ಹೆಡ್‌ಸ್ಟಾಕ್ (ನೆಕ್ಕಿನ ತುದಿಯ ತಲೆ) ಹಿಂದಿನ ಸೀರಿಯಲ್ ನಂಬರ್ ಕಳಿಸು ಅಂದೆ, ತಕ್ಷಣ ಕಳಿಸಿದ. ಎಂಎಕ್ಸ್16ರಿಂದ ಶುರುವಾಗುವ ನಂಬರ್. ಹುಡುಕಿದೆ, ವರ್ಷ ಸರಿಯಾಗಿತ್ತು. ಅಷ್ಟಕ್ಕೇ ನಂಬಿಬಿಟ್ಟೆ. ಲೋಗೋ ಅಂಟಿಸುವವನಿಗೆ ನಂಬರ್ ಅಂಟಿಸೋದು ಏನು ಕಷ್ಟ? ಆಗ ಇದು ಹೊಳೆಯಲಿಲ್ಲ.

ಇನ್ನೊಂದು ನೆನಪಿಡಿ. "ನೆಕ್, ಪಿಕಪ್ ಎಲ್ಲ ಒರಿಜಿನಲ್ ತಾನೆ?" ಅಂತ ಮೆಸೇಜ್ ಹಾಕಿದ್ದೆ. ಅವನು ಟೈಪ್ ಮಾಡಲಿಲ್ಲ. ಫೋನ್ ಮಾಡಿದ. "ಎಲ್ಲಾ ಸ್ಟಾಕ್ ಬ್ರೋ, ತಂತಿ ಬಿಟ್ಟು ಇನ್ನೇನೂ ಮುಟ್ಟಿಲ್ಲ" ಅಂದ. ಎರಡನೇ ಸಲ ಬ್ರಿಡ್ಜ್ ಬಗ್ಗೆ ಕೇಳಿದಾಗಲೂ ಹಾಗೇ, ಫೋನ್. ಒಂದೇ ಒಂದು ಮಾತು ಬರವಣಿಗೆಯಲ್ಲಿ ಇಲ್ಲ. ಆಗ ಎಷ್ಟು ಸ್ನೇಹದಿಂದ ಮಾತಾಡುತ್ತಾನೆ ಅಂದುಕೊಂಡಿದ್ದೆ.

ಶನಿವಾರ ಮೈಸೂರಿನಿಂದ ಟ್ರೈನ್‌ನಲ್ಲಿ ಹೋದೆ, ಬೆನ್ನ ಮೇಲೆ ಇಬಾನೆಜ್. ಮೂರು ಗಂಟೆಗೆ ಬಾ ಅಂದವನು ಆರೂವರೆಗೆ ಮನೆಗೆ ಬಂದ. ವಾಪಸ್ ಟ್ರೈನ್ ಹಿಡಿಯಬೇಕು ಅಂತ ಅವನಿಗೆ ಮೊದಲೇ ಹೇಳಿದ್ದೆ. ಅದೇ ತಪ್ಪು. ನಮ್ಮ ಆತುರವನ್ನು ಮಾರುವವನ ಮುಂದೆ ಹೇಳಲೇಬಾರದು.

ಕೈಗೆ ತಗೊಂಡೆ. ಮೊದಲ ಫ್ರೆಟ್ (ನೆಕ್ ಮೇಲಿನ ಅಡ್ಡಪಟ್ಟಿ) ಹತ್ತಿರ ಎಡಗೈ ಇಟ್ಟ ತಕ್ಷಣ ನೆಕ್ ಅಗಲ ಅನ್ನಿಸಿತು. ನಿಜವಾಗಿ ಅನ್ನಿಸಿತು. ಜಾಝ್ ಬೇಸಿನ ನೆಕ್ ನಟ್ (ತಲೆಯ ಬುಡದಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ ಕಿರಿದು, 38 ಮಿಲಿಮೀಟರ್. ನನ್ನ ಇಬಾನೆಜ್ ಕೂಡ ಅಲ್ಲಿ 38 ಮಿಲಿಮೀಟರೇ. ಹಾಗಿದ್ದ ಮೇಲೆ ಕೈಗೆ ವ್ಯತ್ಯಾಸ ಗೊತ್ತಾಗಬಾರದು ಅಲ್ವಾ? ನನಗೆ ಗೊತ್ತಾಯಿತು. ಬಾಯಿಬಿಟ್ಟು ಕೇಳಿದೆ ಕೂಡ, "ಸ್ವಲ್ಪ ಅಗಲ ಇದ್ದಂಗಿದೆ?" ಅಂತ.

ಅವನು ನಕ್ಕ. "ನಿಮ್ಗೆ ಇಬಾನೆಜ್ ಅಭ್ಯಾಸ ಬ್ರೋ. ಫೆಂಡರ್ ನೆಕ್ ಹೀಗೇ ಇರತ್ತೆ. ಒಂದ್ ವಾರ ನುಡಿಸಿ, ಆಮೇಲ್ ಬೇರೇದು ಮುಟ್ಟಲ್ಲ ನೀವು."

ನಾನು ಹೌದು ಅಂದುಕೊಂಡೆ. ಇದೇ ಮಾತು ದಿನಾ ರಾತ್ರಿ ನೆನಪಾಗುತ್ತದೆ. ಕೈ ಹೇಳಿತ್ತು. ಹನ್ನೊಂದು ವರ್ಷ ಪಳಗಿದ ಕೈ ಹೇಳಿದ್ದನ್ನು ಬಿಟ್ಟು, ಹತ್ತು ನಿಮಿಷ ಪರಿಚಯ ಇದ್ದವನ ಮಾತು ನಂಬಿದೆ. ಬ್ಯಾಗಿನಲ್ಲಿ ಸ್ಟೀಲ್ ಸ್ಕೇಲ್ ಇತ್ತು. ತೆಗೆದು ನಟ್ ಮೇಲೆ ಇಟ್ಟಿದ್ದರೆ ಮುಗಿದಿತ್ತು. ಎದುರಿಗೆ ಅಳೆದರೆ ಅವನಿಗೆ ಬೇಜಾರಾಗುತ್ತದೇನೋ ಅಂತ ಸುಮ್ಮನಾದೆ.

ಬೇಸ್ ಒಂದು ಪೂರ್ತಿ ಸ್ಟೆಪ್ ಕೆಳಗೆ ಟ್ಯೂನ್ ಆಗಿತ್ತು, ಇ ತಂತಿ ಡಿ ನುಡಿಯುತ್ತಿತ್ತು. "ನಮ್ ಬ್ಯಾಂಡಿನ ಸಿಂಗರ್‌ಗೆ ಶ್ರುತಿ ಕಡಿಮೆ" ಅಂದ. ತಂತಿಗಳು ಫ್ರೆಟ್ ಹತ್ತಿರವೇ ಇದ್ದವು, ನುಡಿಸೋಕೆ ಹಾಯಾಗಿತ್ತು. ಅವನ ಚಿಕ್ಕ ಆ್ಯಂಪ್‌ಗೆ ಹಾಕಿದೆ. ಟೋನ್ ನಾಬ್ ಪೂರ್ತಿ ಕೆಳಗಿತ್ತು. ಮೇಲೆ ಮಾಡಿದಾಗ ಝುಂ ಅಂತ ಹಮ್ ಬಂತು. "ಈ ಬಿಲ್ಡಿಂಗ್‌ನಲ್ಲಿ ಅರ್ಥಿಂಗ್ ಸರಿ ಇಲ್ಲ" ಅಂತ ಅವನೇ ಮತ್ತೆ ಕೆಳಗೆ ಮಾಡಿದ. ಟಿವಿ ಜೋರಾಗಿ ಓಡುತ್ತಿತ್ತು. ನಾನು ಕೂತಿದ್ದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಎರಡು ಸಲ ಟ್ರೈನ್ ಟೈಮ್ ನೆನಪಿಸಿದ. ದುಡ್ಡು ಎಣಿಸಿಕೊಟ್ಟು ಬಂದೆ.

ಭಾನುವಾರ ಬೆಳಗ್ಗೆ ಮನೆಯಲ್ಲಿ ಸರಿಯಾದ ಶ್ರುತಿಗೆ ಏರಿಸಿದೆ. ಬಿಗಿ ಜಾಸ್ತಿ ಆದ ಹಾಗೆ ನೆಕ್ ಬಿಲ್ಲಿನಂತೆ ಬಾಗಿತು. ಹನ್ನೆರಡನೇ ಫ್ರೆಟ್ ಹತ್ತಿರ ಇ ತಂತಿ 4 ಮಿಲಿಮೀಟರ್ ಮೇಲೆ ನಿಂತಿತು. ಎರಡೂವರೆ ಇದ್ದರೆ ಸಾಕು ನನಗೆ. ನೆಕ್ಕಿನ ಬಾಗು ಸರಿಮಾಡುವ ಒಳಗಿನ ಕಡ್ಡಿ, ಟ್ರಸ್ ರಾಡ್, ಬಿಗಿ ಮಾಡೋಣ ಅಂತ ಕೀ ಹಾಕಿದರೆ ಅಲ್ಲಾಡಲ್ಲ. ಆಗಲೇ ಕೊನೆತನಕ ತಿರುಗಿಸಿ ಮುಗಿಸಿದ್ದಾನೆ.

ಆಮೇಲೆ ಹಮ್. ಜಾಝ್ ಬೇಸಿನಲ್ಲಿ ಒಂದೇ ಪಿಕಪ್ ತೆರೆದರೆ ಹಮ್ ಇರುತ್ತದೆ. ಎರಡನ್ನೂ ಪೂರ್ತಿ ತೆರೆದರೆ ಹೋಗಬೇಕು, ಯಾಕೆಂದರೆ ಎರಡರ ಒಳಗಿನ ತಂತಿಸುತ್ತು ಮತ್ತು ಅಯಸ್ಕಾಂತ ಒಂದಕ್ಕೊಂದು ಉಲ್ಟಾ ಇರುತ್ತವೆ. ಇದರಲ್ಲಿ ಎರಡೂ ಪೂರ್ತಿ ತೆರೆದರೂ ಹಾಗೇ ಇತ್ತು. ನಮ್ಮ ಮನೆಯ ಅರ್ಥಿಂಗ್ ಚೆನ್ನಾಗಿಯೇ ಇದೆ.

ಆಗ ಸ್ಕೇಲ್ ತೆಗೆದು ನಟ್ ಮೇಲೆ ಇಟ್ಟೆ. 42. ಇನ್ನೊಂದು ಸಲ ಇಟ್ಟೆ. 42. ಕೈ ಸಣ್ಣಗೆ ನಡುಗುತ್ತಿತ್ತು.

ನಮ್ಮಲ್ಲಿ ಗಿಟಾರ್ ರಿಪೇರಿ ಮಾಡುವ ಹಿರಿಯರೊಬ್ಬರು ಇದ್ದಾರೆ. ಅವರ ಹತ್ತಿರ ತಗೊಂಡು ಹೋದೆ. ತಂತಿ ಸಡಿಲ ಮಾಡಿ, ಹಿಂದಿನ ಪ್ಲೇಟಿನ ನಾಲ್ಕು ಸ್ಕ್ರೂ ತೆಗೆದು ನೆಕ್ ಎತ್ತಿದರು. ನೆಕ್ಕಿನ ಬುಡದಲ್ಲಿ ಇರಬೇಕಾದ ಕಂಪನಿ ಮುದ್ರೆ ಯಾವುದೂ ಇಲ್ಲ. ಬರೀ ಮರ, ಅದರ ಮೇಲೆ ಉಪ್ಪುಕಾಗದ ಉಜ್ಜಿದ ಗೀರುಗಳು. ಹಳೇ ಸ್ಕ್ರೂ ತೂತಕ್ಕೆ ಬೆಂಕಿಕಡ್ಡಿ ತುರುಕಿ ಅಂಟು ಹಾಕಿ, ಪಕ್ಕದಲ್ಲಿ ಹೊಸ ತೂತು ಕೊರೆದಿದ್ದಾರೆ. ಬಾಡಿಯ ಗುಳಿಯೊಳಗೆ ಮಡಚಿಟ್ಟ ಮದುವೆ ಕಾರ್ಡಿನ ತುಂಡು, ಅದರ ಮೇಲಿನ ಚಿನ್ನದ ಬಣ್ಣದ ಅಂಚು ಹಾಗೇ ಹೊಳೆಯುತ್ತಿತ್ತು. ಅವರು ಹೆಡ್‌ಸ್ಟಾಕ್ ಲೋಗೋದ ಅಂಚಿಗೆ ಉಗುರು ತಾಗಿಸಿದರು. ಎದ್ದು ಬಂತು.

"ನೋಡಪ್ಪ, ಬಾಡಿ ಒಳ್ಳೇದೇ. ಒಂದ್ ಪಿಕಪ್ಪೂ ಸರಿಯಾಗಿದೆ. ಬ್ರಿಡ್ಜ್ ಹತ್ರ ಇರೋದು ಬೇರೆ ಯಾವ್ದೋ. ನೆಕ್ ಮಾತ್ರ ಕೆಲ್ಸಕ್ಕೆ ಬರಲ್ಲ" ಅಂದರು. ಪಕ್ಕದಲ್ಲಿ ಇಬ್ಬರು ಹುಡುಗರು ತಂತಿ ಹಾಕಿಸೋಕೆ ಬಂದಿದ್ದರು. ಅವರ ಮುಂದೆ ತಲೆ ಎತ್ತೋಕೆ ಆಗಲಿಲ್ಲ.

ಅವತ್ತೇ ಅವನಿಗೆ ಫೋಟೋ ಎಲ್ಲಾ ಕಳಿಸಿದೆ. ಒಂದು ಇಡೀ ದಿನ ಉತ್ತರ ಇಲ್ಲ. ಆಮೇಲೆ ಬಂದದ್ದು ಇವು. ಹೆಚ್ಚೂ ಕಡಿಮೆ ಅವನ ಮಾತಿನಲ್ಲೇ ಹಾಕುತ್ತೇನೆ.

"ನೀವೇ ಚೆಕ್ ಮಾಡಿ ತಗೊಂಡ್ರಿ ಅಲ್ವಾ ಸರ್."

ಗಮನಿಸಿ, ದುಡ್ಡು ಕೊಡುವತನಕ ಬ್ರೋ. ಕೊಟ್ಟ ಮೇಲೆ ಸರ್.

ನೆಕ್ ಅಗಲ 42 ಇದೆ ಅಂದರೆ, "ಕೆಲವು ಫೆಂಡರ್‌ನಲ್ಲಿ ಅಗಲವೂ ಬರತ್ತೆ." ಬರುತ್ತದೆ, ಫೆಂಡರಿನದೇ ಇನ್ನೊಂದು ಮಾಡೆಲ್ ಪ್ರಿಸಿಷನ್ ಬೇಸಿನಲ್ಲಿ ಬರುತ್ತದೆ. ನೀನು ಮಾರಿದ್ದು ಜಾಝ್ ಬೇಸ್. ಬುಡದಲ್ಲಿ ಮುದ್ರೆ ಇಲ್ಲ ಅಂದರೆ, "ನಾನು ಬಿಚ್ಚಿ ನೋಡಿಲ್ಲ. ನನಗೂ ಹೀಗೇ ಬಂದಿದ್ದು." ಹಾಗಾದರೆ ಎಲ್ಲಾ ಸ್ಟಾಕ್ ಅಂತ ಯಾವ ಬಾಯಲ್ಲಿ ಹೇಳಿದೆ? ಅದಕ್ಕೆ ಉತ್ತರ, "ನಾನು ಹಾಗೆ ಹೇಳಿರೋದು ಎಲ್ಲಿದೆ ತೋರಿಸಿ."

ಎಲ್ಲೂ ಇಲ್ಲ. ಅಷ್ಟರಲ್ಲಿ ಆ್ಯಡ್ ತೆಗೆದಿದ್ದ. ನಾನು ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಲಿಲ್ಲ.

ಬೇಸ್ ವಾಪಸ್ ತಗೋ, ಇಬಾನೆಜ್ ಕೊಡು, ಐದು ಸಾವಿರ ನೀನೇ ಇಟ್ಕೋ ಅಂತ ಕೂಡ ಕೇಳಿದೆ. ಕೇಳಬಾರದಿತ್ತು. ಕೇಳಿದೆ. "ಎಕ್ಸ್‌ಚೇಂಜ್ ಆದ್ಮೇಲೆ ಆಯ್ತು ಸರ್. ನೀವು ಮನೇಲಿ ನೆಕ್ ಬದಲಿಸಿಲ್ಲ ಅಂತ ಏನ್ ಗ್ಯಾರಂಟಿ?" ಇದನ್ನು ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಕದ್ದವನೇ ನನ್ನನ್ನು ಕಳ್ಳ ಅಂದ. ಆಮೇಲೆ ಬ್ಲಾಕ್ ಮಾಡಿದ.

ಮೋಸ ಹೋಗಿ ಕಲಿತಿದ್ದು ಇಷ್ಟು. ನೆಕ್ ಬಿಚ್ಚಿ ತೋರಿಸು ಅನ್ನಿ. ನಾಲ್ಕು ಸ್ಕ್ರೂ, ಹತ್ತು ನಿಮಿಷದ ಕೆಲಸ. ಬೇಡ ಅಂದವನ ಹತ್ತಿರ ಬೇಸ್ ಬೇಡ. ನಟ್ ಅಗಲ ಅವನ ಎದುರೇ ಅಳೆಯಿರಿ, ಬೇಜಾರಾದರೆ ಆಗಲಿ. ನಾಲ್ಕು ತಂತಿಯನ್ನೂ ಮಾಮೂಲಿ ಶ್ರುತಿ ಇ ಎ ಡಿ ಜಿಗೆ ಏರಿಸಿ ಅರ್ಧ ಗಂಟೆ ಬಿಟ್ಟು ನೆಕ್ ನೋಡಿ. ಟ್ರಸ್ ರಾಡ್ ಕಾಲು ಸುತ್ತು ತಿರುಗುತ್ತದಾ ನೋಡಿ. ಎಲ್ಲಾ ನಾಬ್ ಪೂರ್ತಿ ತೆರೆದು ಕೇಳಿ, ಟಿವಿ ಆಫ್ ಮಾಡಿಸಿ. ಅವನು ಫೋನ್‌ನಲ್ಲಿ ಹೇಳಿದ್ದನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಟ್ರೈನ್ ತಪ್ಪಿದರೆ ತಪ್ಪಲಿ, ಬೆಳಗ್ಗೆ ಇನ್ನೊಂದು ಇರುತ್ತದೆ.

ಈಗ ಇದನ್ನು ಬರೆಯೋಕೆ ನಿಜವಾದ ಕಾರಣ. ಮೊನ್ನೆ ನನ್ನ ಇಬಾನೆಜ್ ಆ್ಯಡ್‌ನಲ್ಲಿ ಕಂಡಿತು. 42,000ಕ್ಕೆ ಹಾಕಿದ್ದಾನೆ. ಕಂದು ಬಣ್ಣದ ಮಹಾಗನಿ, ಕೆಳಗಿನ ಕೊಂಬಿನ ಹತ್ತಿರ ಕಡಲೆಕಾಳಿನಷ್ಟು ಚಿಕ್ಕ ತಗ್ಗು. ನನ್ನ ಮಗಳು ಸ್ಟ್ಯಾಂಡ್ ಬೀಳಿಸಿದಾಗ ಆದದ್ದು. ನಮ್ಮ ಡ್ರಮ್ಮರ್ ತನ್ನ ನಂಬರಿನಿಂದ ವಿಚಾರಿಸಿದ. ಮಾರುವವನು ಈ ಸಲವೂ ಟೈಪ್ ಮಾಡಲಿಲ್ಲ, ಫೋನ್ ಮಾಡಿದ. "ನಾನೇ ಹೊಸದಾಗಿ ತಗೊಂಡಿದ್ದು ಬ್ರೋ, ಸಿಂಗಲ್ ಓನರ್. ಒಂದ್ ಸ್ಕ್ರೂನೂ ಮುಟ್ಟಿಲ್ಲ."

ಆ ಬೇಸ್ ಒಳ್ಳೆಯದು, ಅದರಲ್ಲಿ ಮೋಸ ಇಲ್ಲ. ಯಾರಾದರೂ ನೋಡೋಕೆ ಹೋದರೆ ಹಿಂದಿನ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂ ತೆಗೆಯಿರಿ. ಒಳಗೆಲ್ಲಾ ತಾಮ್ರದ ಹಾಳೆ ಅಂಟಿಸಿದೆ, ಎರಡು ಭಾನುವಾರ ಕೂತು ನಾನೇ ಮಾಡಿದ್ದು. ಮುಚ್ಚಳದ ಒಳಬದಿಯಲ್ಲಿ ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ತಾರೀಕು ಬರೆದಿದೆ. ಅದು ಯಾರ ಕೈಬರಹ ಅಂತ ಅವನನ್ನು ಕೇಳಿ.