ಹತ್ತು ಸಂಚಿಕೆಗಳ ನಂತರ ಸ್ಕ್ರೈಬಸ್: ಬೆಳೆಗಾರರ ವಾರ್ತಾಪತ್ರವೊಂದರ ಪುಟವಿನ್ಯಾಸ

ಚಿಕ್ಕಮಗಳೂರು ಸುತ್ತಲಿನ ಸಣ್ಣ ಕಾಫಿ ಬೆಳೆಗಾರರ ಸಂಘವೊಂದಕ್ಕೆ ಎರಡು ತಿಂಗಳಿಗೊಮ್ಮೆ ಎಂಟು ಪುಟಗಳ ವಾರ್ತಾಪತ್ರವನ್ನು ಸಿದ್ಧಪಡಿಸುವ ಹೊಣೆ ನನ್ನದು. 2024ರ ಯುಗಾದಿ ಸಂಚಿಕೆಯಿಂದ ಈವರೆಗಿನ ಹತ್ತು ಸಂಚಿಕೆಗಳನ್ನೂ ಸ್ಕ್ರೈಬಸ್ ಎಂಬ ಪುಟವಿನ್ಯಾಸದ ಮುಕ್ತ ತಂತ್ರಾಂಶದಲ್ಲಿ ರೂಪಿಸಿದ್ದೇನೆ. ಇದಕ್ಕೆ ಹಣ ಕೊಡಬೇಕಾಗಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಕನ್ನಡದ ಪುಟಗಳಿಗೆ ಇದನ್ನು ನಂಬಬಹುದೇ ಎಂದು ಇತರ ಸಂಘಗಳವರು ಆಗಾಗ ಕೇಳುತ್ತಿರುವುದರಿಂದ ನನ್ನ ಅನುಭವವನ್ನು ವಿವರವಾಗಿ ದಾಖಲಿಸುತ್ತಿದ್ದೇನೆ. ನಂಬಬಹುದು ಎಂಬುದೇ ನನ್ನ ಉತ್ತರ. ಆದರೆ ಪುಟದ ಅಳತೆ, ಸಾಲಿನ ಅಂತರ, ಸ್ಟೈಲ್‌ಗಳನ್ನು (ಅಕ್ಷರ ಮತ್ತು ಪ್ಯಾರಾಗಳ ರೂಪದ ಸಿದ್ಧ ಹೊಂದಿಕೆಗಳನ್ನು) ಮೊದಲೇ ನಿಶ್ಚಯಿಸಿಕೊಂಡು ಕೂರುವವರಿಗೆ ಮಾತ್ರ.

ಸ್ಕ್ರೈಬಸ್‌ಗೂ ಮುಂಚೆ ನಮ್ಮ ಪತ್ರ ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ ತಯಾರಾಗುತ್ತಿತ್ತು. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಇಂದು ಫೋನು, ಕಂಪ್ಯೂಟರುಗಳೆಲ್ಲ ಕನ್ನಡಕ್ಕೆ ಬಳಸುವ ಯೂನಿಕೋಡ್ ಸಂಕೇತ ಕ್ರಮ ಅದಕ್ಕೆ ತಿಳಿಯದು. ಬೆಳೆಗಾರರು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಬರಹವನ್ನು ಹಳೆಯ ಆಸ್ಕಿ ಫಾಂಟಿಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಸ್ಥಳ ತಪ್ಪಿದ ಅರ್ಕಾವತ್ತುಗಳನ್ನು ಒಂದೊಂದಾಗಿ ಸರಿಪಡಿಸಿ ಪುಟಕ್ಕೆ ಹಾಕಬೇಕಿತ್ತು. ಅಚ್ಚಾದ ಲೇಖನವನ್ನು ಯಾರಾದರೂ ಮರಳಿ ಕೇಳಿದರೆ ಅದೇ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕಿತ್ತು. ಸ್ಕ್ರೈಬಸ್‌ನ 1.4 ಸರಣಿಯನ್ನೂ ಆಗ ಪ್ರಯತ್ನಿಸಿದ್ದೆ. ಅದರಲ್ಲಿ ಒತ್ತಕ್ಷರಗಳು ಕೂಡಿಕೊಳ್ಳದೆ, ವ್ಯಂಜನ, ಹಲಂತ, ವ್ಯಂಜನ ಎಂದು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ 1.5ರ ಪ್ರಾಯೋಗಿಕ ಸರಣಿಯಲ್ಲಿ ಬಂದು, 2024ರ ಜನವರಿ 1ರಂದು ಹೊರಬಂದ 1.6.0 ಆವೃತ್ತಿಯಲ್ಲಿ ನೆಲೆಗೊಂಡಿತು. ಆ ಆವೃತ್ತಿ ಬಂದ ಮೇಲೆಯೇ ನಾವು ಪೂರ್ತಿಯಾಗಿ ಬದಲಾಯಿಸಿಕೊಂಡೆವು. ಈಗ ‘ಶಾಸ್ತ್ರ’, ‘ರಾಷ್ಟ್ರ’, ‘ತುರ್ತು’ ಮುಂತಾದ ಪದಗಳು ಯಾವ ತೊಂದರೆಯೂ ಇಲ್ಲದೆ ಮೂಡುತ್ತವೆ.

ಯಂತ್ರವನ್ನು ತೆರೆಯುವ ಮುನ್ನ ನಾನು ಎರಡು ಎ3 ಹಾಳೆಗಳನ್ನು ನಡುವೆ ಮಡಿಸಿ, ಒಂದರೊಳಗೊಂದು ಸೇರಿಸಿ, ಪುಟಸಂಖ್ಯೆ ಬರೆದು ಡಮ್ಮಿ, ಅಂದರೆ ಪತ್ರದ ಮಾದರಿ, ಮಾಡಿಕೊಳ್ಳುತ್ತೇನೆ. ಅದನ್ನು ಬಿಚ್ಚಿ ನೋಡಿದರೆ ಹೊರಹಾಳೆಯ ಒಂದು ಬದಿಯಲ್ಲಿ 8 ಮತ್ತು 1, ಇನ್ನೊಂದು ಬದಿಯಲ್ಲಿ 2 ಮತ್ತು 7. ಒಳಹಾಳೆಯಲ್ಲಿ 6 ಮತ್ತು 3, ಅದರ ಹಿಂದೆ 4 ಮತ್ತು 5 ಬರುತ್ತವೆ. ಬಣ್ಣ ಎಲ್ಲಿ ಇರಬೇಕೆಂಬುದು ಇಲ್ಲೇ ತೀರ್ಮಾನವಾಗುತ್ತದೆ. ಮೊದಲ ಮತ್ತು ಕೊನೆಯ ಪುಟಗಳು ಒಂದೇ ಬದಿಯಲ್ಲಿರುವುದರಿಂದ ಆ ಬದಿಗೆ ಮಾತ್ರ ನಾಲ್ಕು ಬಣ್ಣದ ನಾಲ್ಕು ಪ್ಲೇಟು (ಬಣ್ಣಕ್ಕೊಂದರಂತೆ ಮಾಡಿಸುವ ಅಚ್ಚಿನ ಫಲಕ), ಉಳಿದ ಮೂರು ಬದಿಗಳಿಗೆ ಕಪ್ಪಿನ ಒಂದೊಂದು ಪ್ಲೇಟು, ಒಟ್ಟು ಏಳು ಸಾಕಾಗುತ್ತವೆ. ಮೂರನೆಯ ಪುಟದಲ್ಲಿ ಒಂದೇ ಒಂದು ಬಣ್ಣದ ಚಿತ್ರ ಬೇಕೆಂದು ಯಾರಾದರೂ ಹಟ ಹಿಡಿದರೆ ಇನ್ನೂ ಮೂರು ಪ್ಲೇಟುಗಳ ಖರ್ಚು ಬೀಳುತ್ತದೆ ಎಂಬುದನ್ನು ಡಮ್ಮಿ ತೋರಿಸಿಯೇ ಸಮಿತಿಗೆ ಮನವರಿಕೆ ಮಾಡಿಕೊಡುತ್ತೇನೆ. ಯಾವ ಲೇಖನ ಯಾವ ಸಂಚಿಕೆಗೆ ಎಂಬುದನ್ನು ತೋಟದ ಕೆಲಸವೇ ಹೇಳುತ್ತದೆ. ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳುವಿನ ವಿಷಯ ಯುಗಾದಿ ಸಂಚಿಕೆಯಲ್ಲಿ, ತುಕ್ಕು ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣಗಳ ದ್ರಾವಣ) ಸಿಂಪರಣೆಯ ವಿಷಯ ಮುಂಗಾರು ಹಿಡಿಯುವ ಮೊದಲು, ಅರೇಬಿಕಾ ಕೊಯ್ಲಿನ ಸಿದ್ಧತೆ ಅಕ್ಟೋಬರಿನಲ್ಲಿ ಬೆಳೆಗಾರರ ಕೈ ಸೇರಬೇಕು. ಹದಿನೈದು ದಿನ ತಡವಾದರೆ ಆ ಬರಹದಿಂದ ಯಾರಿಗೂ ಉಪಯೋಗವಿಲ್ಲ.

ಕನ್ನಡದ ಪುಟದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಸಾಲುಗಳ ನಡುವಿನ ಅಂತರ. ಇಂಗ್ಲಿಷಿಗೆ ಹೊಂದುವ ಅಂತರವನ್ನೇ ಕನ್ನಡಕ್ಕೂ ಇಟ್ಟರೆ, ‘ಶಾಸ್ತ್ರ’ದ ಕೆಳಗಿನ ಎರಡು ಒತ್ತುಗಳು ಮುಂದಿನ ಸಾಲಿನ ಗುಡಿಸುಗಳಿಗೆ ತಾಗಿ, ಕನ್ನಡಕ ಹಾಕುವ ಓದುಗರಿಗೆ ಎರಡು ಸಾಲುಗಳೂ ಒಂದೇ ಗೋಜಲಾಗಿ ಕಾಣುತ್ತವೆ. ಹಲವು ಪ್ರೂಫ್‌ಗಳನ್ನು ತೆಗೆಸಿ ನೋಡಿದ ಮೇಲೆ ನಾನು ನೋಟೋ ಸೆರಿಫ್ ಕನ್ನಡ ಫಾಂಟನ್ನು ಹನ್ನೊಂದೂವರೆ ಪಾಯಿಂಟಿನಲ್ಲಿಟ್ಟು, 17 ಪಾಯಿಂಟ್ ಲೀಡಿಂಗ್ (ಸಾಲಿನಿಂದ ಸಾಲಿಗೆ ಅಂತರ) ಕೊಡುವುದೆಂದು ನಿಶ್ಚಯಿಸಿದೆ. ಎ4 ಪುಟದ 297 ಮಿಲಿಮೀಟರ್ ಎತ್ತರದಲ್ಲಿ ಮೇಲೆ 18, ಕೆಳಗೆ 15 ಮಿಲಿಮೀಟರ್ ಬಿಟ್ಟರೆ ಉಳಿಯುವ 264 ಮಿಲಿಮೀಟರಿನಲ್ಲಿ ಇಂತಹ 44 ಸಾಲುಗಳು ಸರಿಯಾಗಿ ಕೂರುತ್ತವೆ. ಈ 17 ಪಾಯಿಂಟ್ ಅಂತರವನ್ನೇ ಬೇಸ್‌ಲೈನ್ ಗ್ರಿಡ್ (ಸಾಲುಗಳು ಕೂರಬೇಕಾದ ಅಡ್ಡಗೆರೆಗಳು) ಆಗಿ ಕೊಟ್ಟು, ಪ್ಯಾರಾ ಸ್ಟೈಲಿನಲ್ಲಿ ಸಾಲುಗಳು ಆ ಗ್ರಿಡ್‌ಗೆ ಹೊಂದುವಂತೆ ಮಾಡಿದ್ದೇನೆ. ಪಕ್ಕಪಕ್ಕದ ಕಾಲಂಗಳ ಸಾಲುಗಳು ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಪುಟಕ್ಕೆ ಬರುವ ನೆಮ್ಮದಿಯನ್ನು ಅಚ್ಚಾದ ಪ್ರತಿಯನ್ನು ಹಿಡಿದಾಗಲೇ ಅರಿಯಲು ಸಾಧ್ಯ. ಅಷ್ಟಲ್ಲದೆ, ಒಂದು ಪುಟಕ್ಕೆ ಎಷ್ಟು ಸಾಲು ಹಿಡಿಯುತ್ತದೆ ಎಂಬುದು ಮೊದಲೇ ಗೊತ್ತಿರುವುದರಿಂದ ಲೇಖಕರಿಗೆ ಅಳತೆ ಹೇಳಿ ಬರೆಸಬಹುದು.

ಕಾಲಂಗಳ ವಿಷಯದಲ್ಲಿ ನಾನು ಮೊದಲು ತಪ್ಪು ದಾರಿ ಹಿಡಿದಿದ್ದೆ. ದಿನಪತ್ರಿಕೆಯಂತೆ ಕಾಣಲೆಂದು ಮೂರು ಕಾಲಂ ಮಾಡಿ ಎರಡೂ ಅಂಚು ಸಮವಾಗುವಂತೆ ಜಸ್ಟಿಫೈ ಕೊಟ್ಟೆ. ವಿಭಕ್ತಿ ಪ್ರತ್ಯಯಗಳು ಸೇರಿ ಉದ್ದವಾಗುವ ಕನ್ನಡದ ಪದಗಳು 56 ಮಿಲಿಮೀಟರಿನ ಕಾಲಂನಲ್ಲಿ ಸಾಲಿಗೆ ಮೂರೋ ನಾಲ್ಕೋ ಹಿಡಿದು, ನಡುನಡುವೆ ದೊಡ್ಡ ಕಿಂಡಿಗಳು ಬಿದ್ದವು. ಸ್ಟೈಲಿನಲ್ಲಿ ಅಕ್ಷರಗಳನ್ನೇ ಸ್ವಲ್ಪ ಹಿಗ್ಗಿಸಿ ಕಿಂಡಿ ತುಂಬುವ ಸೌಲಭ್ಯವಿದೆಯಾದರೂ, ದುಂಡಾದ ಕನ್ನಡದ ಅಕ್ಷರ ಅಡ್ಡಕ್ಕೆ ಹಿಗ್ಗಿದ ಕೂಡಲೇ ವಿಕಾರವಾಗುತ್ತದೆ. ಅದನ್ನು ಮುಟ್ಟದಿರುವುದು ಲೇಸು. ಈಗ 87 ಮಿಲಿಮೀಟರಿನ ಎರಡು ಕಾಲಂ ಇಟ್ಟು, ಎಡ ಅಂಚನ್ನು ಮಾತ್ರ ಸಮಮಾಡಿ, ಬಲವನ್ನು ಹಾಗೆಯೇ ಬಿಡುತ್ತೇನೆ.

ನಮ್ಮ ಪತ್ರದಲ್ಲಿ ಎಲ್ಲರೂ ಮೊದಲು ತಿರುಗಿಸುವುದು ಐದನೆಯ ಪುಟದ ಮಳೆ ಲೆಕ್ಕವನ್ನು. ಆಲ್ದೂರು, ಮಲ್ಲಂದೂರು, ಮೂಡಿಗೆರೆ, ಕಳಸ, ಬಾಳೆಹೊನ್ನೂರು ಎಂದು ಊರುಗಳ ಪಟ್ಟಿ ಇಳಿಯುತ್ತದೆ. ಎದುರಿಗೆ ಇಂಚು ಮತ್ತು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ). ಸ್ಕ್ರೈಬಸ್‌ನಲ್ಲಿ ಕೋಷ್ಟಕ ರಚಿಸುವ ಸಾಧನವಿದ್ದರೂ ಅದು ಇನ್ನೂ ಒರಟಾಗಿದೆ, ಸಾಲುಗಳನ್ನು ಸೇರಿಸಿ ತೆಗೆಯುವಾಗ ಸಮಯ ಹಿಡಿಯುತ್ತದೆ. ಆದ್ದರಿಂದ ನಾನು ಸಾಮಾನ್ಯ ಫ್ರೇಮಿನಲ್ಲೇ (ಪಠ್ಯ ತುಂಬುವ ಚೌಕದಲ್ಲೇ) ಟ್ಯಾಬ್ ನಿಲುಗಡೆಗಳನ್ನು ಇಟ್ಟು ಕೆಲಸ ಮುಗಿಸುತ್ತೇನೆ. ಟ್ಯಾಬ್‌ಗಳಲ್ಲಿ ಚುಕ್ಕಿಗೆ ಹೊಂದಿಸುವ ಬಗೆಯೊಂದಿದೆ. ಅದನ್ನು ಬಳಸಿದರೆ 2.35 ಇರಲಿ, 11.05 ಇರಲಿ, ಇಂಚು ಚುಕ್ಕಿಯ ಎಡಕ್ಕೂ ಸೆಂಟ್ಸ್ ಬಲಕ್ಕೂ ನೇರ ಸಾಲಾಗಿ ನಿಲ್ಲುತ್ತವೆ. ಕಾಫಿ ಹೂ ಅರಳಿಸುವ ಹೂಮಳೆ ಯಾರಿಗೆ ಎಷ್ಟು ಬಂತು ಎಂಬುದನ್ನು ಬೆರಳಿಟ್ಟು ಹೋಲಿಸುವವರಿಗೆ ಈ ನೇರ ಸಾಲು ಬಹಳ ಮುಖ್ಯ.

ಮೂರನೆಯ ಸಂಚಿಕೆಯಲ್ಲಿ ನನ್ನಿಂದ ಆದ ಪ್ರಮಾದವೊಂದನ್ನು ಇಲ್ಲಿ ಹೇಳಲೇಬೇಕು. ಮೆಣಸಿನ ಬಳ್ಳಿಗೆ ಶೇ. 1ರ ಬೋರ್ಡೋ ದ್ರಾವಣ ಮಾಡುವ ಕ್ರಮವನ್ನು ಚೌಕಟ್ಟಿನೊಳಗೆ ಕೊಟ್ಟಿದ್ದೆವು: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಒಟ್ಟು ನೂರು ಲೀಟರ್ ನೀರು. ಕೊನೆಯ ಎರಡು ಸಾಲಿನಲ್ಲಿ, ದ್ರಾವಣದಲ್ಲಿ ಕಬ್ಬಿಣದ ಚಾಕುವನ್ನು ಅದ್ದಿ ನೋಡಬೇಕು, ಅದರ ಮೇಲೆ ತಾಮ್ರದ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ತಿಳಿ ಬೆರೆಸಬೇಕು ಎಂದಿತ್ತು. ತಲೆಬರಹವನ್ನು ಕೊನೆಗಳಿಗೆಯಲ್ಲಿ ಉದ್ದಮಾಡಿದ್ದರಿಂದ ಆ ಎರಡು ಸಾಲುಗಳು ಫ್ರೇಮಿನಿಂದ ಹೊರಗೆ ಉಳಿದುಹೋದವು. ತಂತ್ರಾಂಶ ತನ್ನ ಕೆಲಸವನ್ನು ಮಾಡಿತ್ತು: ಫ್ರೇಮಿನ ಕೆಳಮೂಲೆಯಲ್ಲಿ ಗುರುತು ತೋರಿಸಿತ್ತು, ಪಿಡಿಎಫ್ ತೆಗೆಯುವಾಗ ಪ್ರೀಫ್ಲೈಟ್ ಪರೀಕ್ಷೆಯಲ್ಲಿ (ಅಚ್ಚಿಗೆ ಮುನ್ನ ತಪ್ಪುಗಳನ್ನು ಹುಡುಕುವ ತಪಾಸಣೆಯಲ್ಲಿ), ಪಠ್ಯ ಉಕ್ಕಿದೆ ಎಂದು ಪುಟಸಂಖ್ಯೆ ಸಹಿತ ಎಚ್ಚರಿಸಿತ್ತು. ಅದೇ ಪಟ್ಟಿಯಲ್ಲಿ ಚಿತ್ರಗಳ ರೆಸಲ್ಯೂಷನ್ ಕುರಿತ ಹತ್ತಾರು ಎಚ್ಚರಿಕೆಗಳಿದ್ದುದರಿಂದ ನಾನು ಎಲ್ಲವನ್ನೂ ಕಡೆಗಣಿಸುವ ಗುಂಡಿಯನ್ನು ಒತ್ತಿದ್ದೆ. ಸುಣ್ಣ ಸಾಲದ ದ್ರಾವಣ ಎಲೆಯನ್ನು ಸುಡುತ್ತದೆ. ಪತ್ರ ಅಂಚೆಗೆ ಹೋದ ಮರುದಿನವೇ ವಿಷಯ ತಿಳಿದು, ಸದಸ್ಯರಿಗೆಲ್ಲ ಫೋನ್ ಮತ್ತು ವಾಟ್ಸ್ಆ್ಯಪ್ ಮೂಲಕ ಆ ಎರಡು ಸಾಲುಗಳನ್ನು ತಲುಪಿಸಿದೆವು. ಅಂದಿನಿಂದ ಪ್ರೀಫ್ಲೈಟ್ ಪಟ್ಟಿಯಲ್ಲಿ ಒಂದೂ ಎಚ್ಚರಿಕೆ ಉಳಿಯದ ಹೊರತು ಪ್ರೆಸ್ಸಿಗೆ ಪಿಡಿಎಫ್ ಕಳುಹಿಸುವುದಿಲ್ಲ.

ಚಿತ್ರಗಳನ್ನು ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಬಂದದ್ದು ಕುಗ್ಗಿರುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸುವಂತೆ ಕೇಳಬೇಕು. ಅಚ್ಚಿನ ಅಳತೆಯಲ್ಲಿ ಇಂಚಿಗೆ 300 ಚುಕ್ಕಿಗಳಿರಬೇಕು. ಅಂಚಿನವರೆಗೆ ಹೋಗುವ ಚಿತ್ರಕ್ಕೆ ಹೊರಗಡೆ 3 ಮಿಲಿಮೀಟರ್ ಬ್ಲೀಡ್ (ಅಂಚು ಕತ್ತರಿಸುವಾಗ ಹೋಗುವ ಹೆಚ್ಚುವರಿ ಭಾಗ) ಬಿಡಬೇಕು.

ಕೊರತೆಗಳೂ ಇವೆ. ಪುಟಗಳನ್ನು ಅಚ್ಚಿನ ಹಾಳೆಯ ಕ್ರಮಕ್ಕೆ ಜೋಡಿಸುವ ಸೌಲಭ್ಯ ತಂತ್ರಾಂಶದೊಳಗೆ ಇಲ್ಲದ ಕಾರಣ, ಆ ಕೆಲಸವನ್ನು ಪ್ರೆಸ್ಸಿನವರಿಗೇ ಬಿಡಬೇಕಾಗುತ್ತದೆ. ಉದ್ದ ಲೇಖನವನ್ನು ಪುಟದ ಮೇಲೆಯೇ ತಿದ್ದುವುದು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ನಿಧಾನ. ಲಿಬ್ರೆಆಫೀಸ್‌ನಲ್ಲಿ ಪೂರ್ತಿ ತಿದ್ದಿ, ಪ್ರೂಫ್ ನೋಡಿ, ಆಮೇಲೆ ಫ್ರೇಮಿಗೆ ತರುವುದು ಒಳ್ಳೆಯದು. 1.6ರಲ್ಲಿ ಉಳಿಸಿದ ಕಡತವನ್ನು 1.4 ತೆರೆಯಲಾರದು. ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲದ ನಮ್ಮ ಕಡೆಯವರು ಕಡತ ತಾನಾಗಿ ಉಳಿಯುವ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ.

ಮಾಸ್ಟರ್ ಪೇಜ್ (ಎಲ್ಲ ಪುಟಗಳಿಗೂ ಮಾದರಿಯಾದ ಪುಟ) ಮತ್ತು ಸ್ಟೈಲ್‌ಗಳು ಒಮ್ಮೆ ನೆಲೆಗೊಂಡ ಮೇಲೆ ಕೆಲಸದ ಹೊರೆ ಬಹಳ ಇಳಿದಿದೆ. ಮೊದಲ ಸಂಚಿಕೆಗೆ ಹನ್ನೊಂದು ದಿನ ಹಿಡಿದಿತ್ತು. ಈಗ ಲೇಖನಗಳೆಲ್ಲ ಕೈಯಲ್ಲಿದ್ದರೆ ಮೂರು ಸಂಜೆ ಸಾಕು. ಕಳೆದ ತಿಂಗಳು ಸಕಲೇಶಪುರದ ಕಡೆಯ ಬೆಳೆಗಾರರೊಬ್ಬರು ತಮ್ಮ ಸಂಘಕ್ಕೂ ಇಂತಹ ಪತ್ರ ಬೇಕೆಂದು ಕೇಳಿದಾಗ ನಮ್ಮ ಖಾಲಿ ಪುಟಗಳ ಕಡತವನ್ನೇ ಕಳುಹಿಸಿದೆ. ಅವರಲ್ಲಿ ತೆರೆದಾಗ ಫಾಂಟ್ ಇಲ್ಲವೆಂದು ಬೇರೆ ಅಕ್ಷರ ಕೇಳಿತು, ಲಾಂಛನದ ಜಾಗ ಖಾಲಿಯಾಗಿತ್ತು; ಏಕೆಂದರೆ ಸ್ಕ್ರೈಬಸ್ ಕಡತ ಚಿತ್ರವನ್ನೂ ಫಾಂಟನ್ನೂ ತನ್ನೊಳಗೆ ಇಟ್ಟುಕೊಳ್ಳದೆ ಅವು ಇರುವ ಜಾಗವನ್ನಷ್ಟೇ ನೆನಪಿಡುತ್ತದೆ. ಫೈಲ್ ಮೆನುವಿನಲ್ಲಿರುವ ‘ಕಲೆಕ್ಟ್ ಫಾರ್ ಔಟ್‌ಪುಟ್’ ಆರಿಸಿ, ಫಾಂಟ್‌ಗಳನ್ನೂ ಸೇರಿಸು ಎಂದು ಗುರುತಿಸಿ, ಬಂದ ಫೋಲ್ಡರನ್ನು ಇಡಿಯಾಗಿ ಕಳುಹಿಸಿದ ಮೇಲೆ, ಫಾಂಟನ್ನು ಅಲ್ಲಿ ಸ್ಥಾಪಿಸಿಕೊಂಡು ತೆರೆದರೆ 44 ಸಾಲುಗಳೂ ಅವರ ಪರದೆಯ ಮೇಲೆ ನಮ್ಮಲ್ಲಿದ್ದಂತೆಯೇ ನಿಂತವು.